ಆಳವಿಲ್ಲದ ಕೆರೆಯನ್ನು ಓದುವ ಬಗೆ: ಮೀನು, ಬಸವನಹುಳು, ನೀರುಗಿಡಗಳ ಲೆಕ್ಕ

ದೀಪಾವಳಿಯ ಹೊತ್ತಿಗೆ ಧಾರವಾಡದಿಂದ ಗದಗಿನ ಕಡೆಗೆ ಹೊರಟವರು ದಾರಿಯ ಮಗ್ಗುಲಿನ ಕೆರೆಗಳ ಬಳಿ ಸ್ವಲ್ಪ ನಿಂತು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಅಕ್ಕಪಕ್ಕದ ಎರಡು ಊರುಗಳ ಕೆರೆಗಳು, ಎರಡಕ್ಕೂ ಬಿದ್ದದ್ದು ಒಂದೇ ಮಳೆ, ಎರಡರ ಆಳವೂ ಆಳೆತ್ತರಕ್ಕಿಂತ ಹೆಚ್ಚೇನಿಲ್ಲ. ಆದರೂ ಒಂದರಲ್ಲಿ ತಳದ ಗಿಡಗಳನ್ನು ಎಣಿಸುವಷ್ಟು ನೀರು ತಿಳಿಯಾಗಿರುತ್ತದೆ, ಇನ್ನೊಂದರ ನೀರು ಪಾಲಕ್ ರುಬ್ಬಿ ಸುರಿದಂತೆ ಹಸಿರಾಗಿ ಮಂದವಾಗಿರುತ್ತದೆ. ಹೊಲಸು ನೀರು ಸೇರಿದ್ದೇ ಇದಕ್ಕೆ ಕಾರಣವೆಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಆ ಮಾತು ಅರ್ಧ ಸರಿ. ಉಳಿದರ್ಧ ಉತ್ತರ ನೀರಿನೊಳಗೆ ಯಾರು ಯಾರನ್ನು ತಿನ್ನುತ್ತಿದ್ದಾರೆ ಎಂಬುದರಲ್ಲಿದೆ. ಅದನ್ನು ಕಂಡುಕೊಳ್ಳುವ ಮತ್ತು ಕಂಡುಕೊಂಡ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಎಂದು ನಿರ್ಧರಿಸುವ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಊರ ಕೆರೆಯ ಸಮಿತಿಯಲ್ಲಿರುವವರು, ಮೀನಿನ ಗುತ್ತಿಗೆ ಹಿಡಿದವರು, ಶಾಲೆಯ ಮಕ್ಕಳನ್ನು ಕೆರೆದಂಡೆಗೆ ಕರೆದೊಯ್ಯುವ ಮೇಷ್ಟ್ರುಗಳು, ಇವರು ಮೂವರೂ ನನ್ನ ಮನಸ್ಸಿನಲ್ಲಿದ್ದಾರೆ.

ಸಾಮಾನ್ಯವಾಗಿ ಮೂರು ಮೀಟರಿಗಿಂತ ಕಡಿಮೆ ಆಳದ ಕೆರೆಯನ್ನು ಆಳವಿಲ್ಲದ ಕೆರೆ ಎನ್ನುತ್ತಾರೆ. ಆಳದ ಜಲಾಶಯದಲ್ಲಿ ಮೇಲೆ ಬೆಚ್ಚನೆಯ ನೀರು, ಕೆಳಗೆ ತಣ್ಣನೆಯ ನೀರು ಎಂದು ಪದರಗಳು ತಿಂಗಳುಗಟ್ಟಲೆ ಬೇರೆಯಾಗಿ ನಿಲ್ಲುತ್ತವೆ. ಇಲ್ಲಿ ಹಾಗಿಲ್ಲ, ಗಾಳಿ ಬೀಸಿದರೆ ಸಾಕು, ತಳದ ಕೆಸರಿನವರೆಗೂ ನೀರು ಕಲಕುತ್ತದೆ. ಆದ್ದರಿಂದಲೇ ತಳದಲ್ಲಿ ಏನಿದೆ ಎಂಬುದು ಇಂಥ ಕೆರೆಯ ಹಣೆಬರಹವನ್ನು ನಿರ್ಧರಿಸುತ್ತದೆ: ಗಿಡವಿದ್ದರೆ ಕೆಸರು ಕೂರುತ್ತದೆ, ಬರಿ ಕೆಸರಿದ್ದರೆ ಏಳುತ್ತದೆ. 1993ರಲ್ಲಿ ಡಚ್ ವಿಜ್ಞಾನಿ ಮಾರ್ಟೆನ್ ಷೆಫರ್ ಮತ್ತು ಸಂಗಡಿಗರು ಮಂಡಿಸಿದ ವಿಚಾರ ಇಲ್ಲಿ ನಮ್ಮ ಕೆಲಸಕ್ಕೆ ಬರುತ್ತದೆ. ಪೋಷಕಾಂಶ ಅಷ್ಟೇ ಇದ್ದರೂ ಆಳವಿಲ್ಲದ ಕೆರೆಗೆ ಎರಡು ಸ್ಥಿತಿಗಳು ಸಾಧ್ಯ, ಒಂದು ಗಿಡ ತುಂಬಿದ ತಿಳಿನೀರು, ಇನ್ನೊಂದು ಪಾಚಿ ತುಂಬಿದ ಮಂದ ನೀರು, ಮತ್ತು ಎರಡೂ ತಮ್ಮನ್ನು ತಾವೇ ಕಾಯ್ದುಕೊಳ್ಳುತ್ತವೆ. ಸ್ವೀಡನ್ನಿನ ಟೋಕೆರ್ನ್ ಮತ್ತು ಕ್ರಾಂಕೆಶೋನ್ ಎಂಬ ಎರಡು ಕೆರೆಗಳು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹಲವು ಸಲ ಹೊರಳಿರುವುದನ್ನು ದಾಖಲಿಸಿದ್ದಾರೆ. ನಮ್ಮ ಎರೆಹೊಲದ ಮಾತಿನಲ್ಲಿ ಹೇಳುವುದಾದರೆ, ಗಾಡಿಯ ಗಾಲಿ ಹುದುಲಿಗೆ ಇಳಿಯಲು ಒಂದು ಚೀಲ ಹೆಚ್ಚಾದರೆ ಸಾಕು, ಆದರೆ ಅದನ್ನು ಮೇಲೆತ್ತಲು ಆ ಒಂದು ಚೀಲ ಇಳಿಸಿದರೆ ಸಾಲದು. ಕೆರೆ ಇನ್ನೂ ತಿಳಿಯಾಗಿರುವಾಗಲೇ ಅದನ್ನು ಕಾಯುವುದು ಅಗ್ಗದ ಕೆಲಸ.

ಮೊದಲು ನೀರನ್ನು ಅಳೆಯಬೇಕು. ಇದಕ್ಕೆ ಪ್ರಯೋಗಾಲಯ ಬೇಡ. 20 ಸೆಂಟಿಮೀಟರ್ ಅಗಲದ ಒಂದು ದುಂಡು ತಗಡನ್ನೋ ಹಳೆಯ ಸ್ಟೀಲ್ ತಟ್ಟೆಯನ್ನೋ ತೆಗೆದುಕೊಂಡು ಅದನ್ನು ನಾಲ್ಕು ಪಾಲು ಮಾಡಿ, ಎದುರುಬದುರಿನ ಪಾಲುಗಳಿಗೆ ಕಪ್ಪು ಮತ್ತು ಬಿಳಿ ಬಣ್ಣ ಬಳಿಯಿರಿ. ನಡುವೆ ತೂತು ಕೊರೆದು ಕೆಳಗೆ ಒಂದು ಕಲ್ಲು, ಮೇಲೆ ಪ್ರತಿ 10 ಸೆಂಟಿಮೀಟರಿಗೆ ಗಂಟು ಹಾಕಿದ ಹಗ್ಗ ಕಟ್ಟಿರಿ. 1865ರಲ್ಲಿ ಇಟಲಿಯ ಪಾದ್ರಿ ಮತ್ತು ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಸಮುದ್ರದಲ್ಲಿ ಇಂಥ ತಟ್ಟೆಯನ್ನು ಇಳಿಬಿಟ್ಟು ನೋಡಿದ್ದರಿಂದ ಇದಕ್ಕೆ ಸೆಕ್ಕಿ ತಟ್ಟೆ ಎಂದು ಹೆಸರು. ಮುಂಜಾನೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ, ತೂಬಿನ ಕಟ್ಟೆಯ ಮೇಲೆ ನಿಂತು ಅಥವಾ ತೆಪ್ಪದ ನೆರಳಿನ ಬದಿಯಲ್ಲಿ ತಟ್ಟೆಯನ್ನು ಇಳಿಸುತ್ತ ಹೋಗಿ, ಬಿಳಿ ಭಾಗ ಕಣ್ಮರೆಯಾದ ಗಂಟನ್ನು ಬರೆದುಕೊಳ್ಳಿರಿ. ಅಲ್ಲಿಂದ ಆಚೆಗೂ, ಸುಮಾರು ಒಂದೂವರೆಯಿಂದ ಎರಡು ಪಟ್ಟು ಆಳದವರೆಗೆ, ಗಿಡ ಬದುಕುವಷ್ಟು ಬೆಳಕು ಇರುತ್ತದೆ. ಹೀಗಾಗಿ ಎರಡು ಮೀಟರ್ ಆಳದ ಕೆರೆಯಲ್ಲಿ ತಟ್ಟೆ ಒಂದು ಮೀಟರಿನವರೆಗೆ ಕಂಡರೆ ತಳದಲ್ಲಿ ಗಿಡ ಬರುವ ಆಸೆ ಇಟ್ಟುಕೊಳ್ಳಬಹುದು. 30 ಸೆಂಟಿಮೀಟರಿಗೇ ಕಾಣದಾದರೆ ಗಿಡ ದಂಡೆಯ ಅಂಚಿಗಷ್ಟೇ ಸೀಮಿತ. ನೀರಿಗೆ ನೀವೇ ಇಳಿದು ಅಳೆಯಲು ಹೋಗಬೇಡಿ. ಹೂಳು ತೆಗೆದ ಕೆರೆಗಳಲ್ಲಿ ಯಂತ್ರ ತೋಡಿದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ, ಎರೆಮಣ್ಣು ಕಾಲನ್ನು ಹಿಡಿದರೆ ಸುಲಭವಾಗಿ ಬಿಡುವುದಿಲ್ಲ.

ಮಂದ ನೀರೆಲ್ಲವೂ ಪಾಚಿಯ ನೀರಲ್ಲ, ಮತ್ತು ನಮ್ಮ ಭಾಗದಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ. ಧಾರವಾಡದ ಪಡುವಣಕ್ಕೆ ಮಸಾರಿ ನೆಲ, ಮೂಡಣಕ್ಕೆ ನವಲಗುಂದ, ಗದಗ, ರೋಣದ ಕಡೆ ಎರೆನೆಲ. ಎರೆಮಣ್ಣಿನ ಜೇಡಿಕಣ ಎಷ್ಟು ಸಣ್ಣದೆಂದರೆ ಒಮ್ಮೆ ನೀರಿನಲ್ಲಿ ಕದಡಿದರೆ ದಿನಗಟ್ಟಲೆ ಕೂರುವುದಿಲ್ಲ. ಒಂದು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ ಮೊಣಕೈ ಆಳದಿಂದ ನೀರು ತುಂಬಿ ತಂದು, ರಾತ್ರಿಯಿಡೀ ಕಿಟಕಿಯ ಕಟ್ಟೆಯ ಮೇಲೆ ಅಲುಗಾಡದಂತೆ ಇಟ್ಟು, ಬೆಳಿಗ್ಗೆ ಹಿಂದೆ ಒಂದು ಬಿಳಿ ಹಾಳೆ ಹಿಡಿದು ನೋಡಿರಿ. ನೀರು ಹಾಲು ಹೆಚ್ಚಾದ ಚಹಾದ ಬಣ್ಣದಲ್ಲೇ ಉಳಿದಿದ್ದರೆ ಅದು ಜೇಡಿ. ಅಂಥ ಕೆರೆಗೆ ಮೀನು, ಹುಳುಗಳ ಉಪಾಯಕ್ಕಿಂತ ಮೊದಲು ಮೇಲಿನ ಹೊಲಗಳ ಬದುಗಳು ಗಟ್ಟಿಯಾಗಬೇಕು, ನೀರು ಒಳಬರುವ ಹಳ್ಳದ ಬಾಯಿಯಲ್ಲಿ ಜೊಂಡು ಮತ್ತು ಹುಲ್ಲು ನಿಲ್ಲಬೇಕು. ಬಾಟಲಿಯ ಕುತ್ತಿಗೆಯ ಬಳಿ ಹಸಿರು ಬಳೆಯಂತೆ ಪದರ ತೇಲಿದ್ದರೆ ಅದು ನೀಲಿಹಸಿರು ಪಾಚಿ, ಅದರ ಜೀವಕೋಶಗಳೊಳಗಿನ ಗಾಳಿಗುಳ್ಳೆಗಳೇ ಅದನ್ನು ಮೇಲಕ್ಕೆ ಎತ್ತುತ್ತವೆ. ಅದರ ಕೆಲವು ಬಗೆಗಳು ವಿಷಕಾರಿಯಾದ್ದರಿಂದ ಅಂಥ ಕೆನೆ ಕಟ್ಟಿದ ದಡದಲ್ಲಿ ದನಗಳಿಗೆ ನೀರು ಕುಡಿಸಬಾರದು. ತಿಳಿಯಾದ ನೀರಿನಲ್ಲಿ ರವೆಯ ಕಾಳಿನಂಥ ಬಿಳಿ ಚುಕ್ಕೆಗಳು ತಡೆತಡೆದು ಜಿಗಿಯುತ್ತಿದ್ದರೆ ಸಂತೋಷಪಡಿರಿ. ಅವು ನೀರುಚಿಗಟಗಳು, ಪಾಚಿಯನ್ನು ಸೋಸಿ ತಿನ್ನುವ ಪ್ರಾಣಿಗಳು. ಅವುಗಳ ಮಾತು ಮುಂದೆ ಬರುತ್ತದೆ.

ಇನ್ನು ಗಿಡಗಳು. ನೀರಿನಲ್ಲಿ ಹಸಿರಾಗಿ ಕಂಡದ್ದನ್ನೆಲ್ಲ ಹಾವಸೆ ಎಂದೋ ಅಂತರಗಂಗೆ ಎಂದೋ ಕರೆದು, ಎಲ್ಲವನ್ನೂ ಕಿತ್ತು ದಂಡೆಗೆ ಹಾಕಿದರೆ ಕೆರೆ ಸ್ವಚ್ಛವಾಯಿತೆಂದು ತಿಳಿಯುವುದು ನಮ್ಮಲ್ಲಿ ರೂಢಿ. ನಾನೂ ಆ ತಪ್ಪು ಮಾಡಿದವನೇ. ಕೆಲವು ವರ್ಷಗಳ ಹಿಂದೆ ಕುಂದಗೋಳದ ಕಡೆಯ ಒಂದು ಸಣ್ಣ ಕೆರೆಯಲ್ಲಿ ನಾವು ಐದಾರು ಗೆಳೆಯರು ಸೇರಿ ಎರಡು ಭಾನುವಾರ ಕುಂಟೆ, ಹಗ್ಗ ಹಿಡಿದು ತಳದ ಗಿಡವನ್ನೆಲ್ಲ ಎಳೆದು ಹಾಕಿದೆವು. ದಂಡೆಯ ಮೇಲೆ ಮೂರು ಟ್ರಾಕ್ಟರ್ ರಾಶಿ ಬಿತ್ತು, ಎಲ್ಲರೂ ಬೆನ್ನು ತಟ್ಟಿದರು. ಆ ರಾಶಿಯಿಂದ ಇಳಿಯುತ್ತಿದ್ದ ನೀರಿನ ಜೊತೆ ಸಾವಿರಾರು ಬಸವನಹುಳುಗಳು ಬಿಸಿಲಿಗೆ ಒಣಗುತ್ತಿದ್ದುದನ್ನು ನೋಡಿಯೂ ನಮಗೆ ಏನೂ ಹೊಳೆಯಲಿಲ್ಲ. ಮರು ವರ್ಷ ಅದೇ ಕೆರೆಯ ನೀರು ಹಸಿರಾಯಿತು, ಬೇಸಿಗೆಯ ಮುಂಜಾವುಗಳಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು.

ಆದ್ದರಿಂದ ಗಿಡಗಳನ್ನು ಮೊದಲು ಬೇರ್ಪಡಿಸಿ ನೋಡಬೇಕು. ನೀರಿನೊಳಗೇ ಮುಳುಗಿ ಬೆಳೆಯುವವು ಒಂದು ಜಾತಿ: ದಂಟಿನ ಸುತ್ತ ಸಣ್ಣ ಎಲೆಗಳ ಬಳೆ ತೊಟ್ಟ ಹೈಡ್ರಿಲ್ಲಾ, ರಿಬ್ಬನ್ನಿನಂತೆ ಉದ್ದನೆಯ ಎಲೆಯ ವ್ಯಾಲಿಸ್ನೇರಿಯಾ, ನರಿಬಾಲದಂತೆ ಕಾಣುವ ಬೇರಿಲ್ಲದ ಸೆರಟೋಫಿಲಮ್, ಮುಟ್ಟಿದರೆ ಒರಟಾಗಿ ಬೆಳ್ಳುಳ್ಳಿಯಂಥ ವಾಸನೆ ಬರುವ ಕಾರಾ. ಕಾರಾ ನಿಜವಾಗಿ ಗಿಡವಲ್ಲ, ಗಿಡದ ವೇಷದ ಪಾಚಿ, ಆದರೂ ಕೆರೆಗೆ ಗಿಡದ ಉಪಕಾರವನ್ನೇ ಮಾಡುತ್ತದೆ. ತಿಳಿನೀರಿನ ಕಾವಲುಗಾರರು ಇವೇ. ಬೇರೂರಿ ಎಲೆ ತೇಲಿಸುವ ತಾವರೆ, ನೈದಿಲೆ ಎರಡನೆಯ ಬಗೆ. ದಂಡೆಯಂಚಿನ ಜೊಂಡು, ಆಪು ಮೂರನೆಯದು. ನಾಲ್ಕನೆಯದು ಬೇರನ್ನೂ ನೀರಿನಲ್ಲೇ ತೂಗಿಬಿಟ್ಟು ಇಡೀ ಸಸ್ಯವೇ ತೇಲುವ ಗುಂಪು, ಅದರಲ್ಲಿ ದಕ್ಷಿಣ ಅಮೆರಿಕದಿಂದ ಬಂದ ನೀಲಿ ಹೂವಿನ ಕಳೆ, ಅಂದರೆ ವಾಟರ್ ಹಯಸಿಂತ್, ಎಲ್ಲರಿಗೂ ಪರಿಚಿತ. ಹುಬ್ಬಳ್ಳಿಯ ಉಣಕಲ್ ಕೆರೆಯನ್ನು ಅದು ಹಾಸಿಗೆಯಂತೆ ಮುಚ್ಚಿದ್ದನ್ನು ಕಂಡವರಿಗೆ ವಿವರಣೆ ಬೇಕಿಲ್ಲ. ಅದು ಬೆಳಕನ್ನು ತಡೆದು ಮುಳುಗುಗಿಡಗಳನ್ನು ಕೊಲ್ಲುತ್ತದೆ, ಕೊಳೆತು ತಳದ ಆಮ್ಲಜನಕವನ್ನು ಹೀರುತ್ತದೆ.

ಮುಳುಗುಗಿಡ ನೀರನ್ನು ತಿಳಿಯಾಗಿಡುವುದು ಒಂದೇ ದಾರಿಯಲ್ಲಲ್ಲ. ಅದು ಅಲೆಯ ಪೆಟ್ಟನ್ನು ಮುರಿದು ಕೆಸರು ಏಳದಂತೆ ತಡೆಯುತ್ತದೆ. ಪಾಚಿಗೆ ಸಿಗಬೇಕಾದ ರಂಜಕ ಮತ್ತು ಸಾರಜನಕವನ್ನು ತಾನೇ ಎಳೆದುಕೊಳ್ಳುತ್ತದೆ. ಕಾರಾದಂಥ ಕೆಲವು ಪಾಚಿಯ ಬೆಳವಣಿಗೆಯನ್ನು ತಡೆಯುವ ರಾಸಾಯನಿಕಗಳನ್ನೂ ಬಿಡುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ ಅದರ ಎಲೆಗಳ ಮೇಲ್ಮೈ ಕೆರೆಯ ತಳಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಜಾಗವನ್ನು ಸಣ್ಣ ಜೀವಿಗಳಿಗೆ ಒದಗಿಸುತ್ತದೆ. ಹಾಗೆಂದು ಕೆರೆ ಪೂರ್ತಿ ಗಿಡವಾದರೂ ತೊಂದರೆಯೇ. ದಟ್ಟ ಹೈಡ್ರಿಲ್ಲಾ ಹಗಲಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಎಳೆದು ನೀರಿನ ಪಿಎಚ್ 9ನ್ನು ದಾಟುವಂತೆ ಮಾಡಬಲ್ಲದು, ರಾತ್ರಿ ತಾನೂ ಉಸಿರಾಡಿ ಆಮ್ಲಜನಕವನ್ನು ಇಳಿಸುತ್ತದೆ. ನಾನು ಇಟ್ಟುಕೊಂಡ ಅಳತೆ ಇದು: ಕೆರೆಯ ಮೂರನೆಯ ಒಂದು ಪಾಲಿನಷ್ಟು ಮುಳುಗುಗಿಡ ಯಾವಾಗಲೂ ಇರಲಿ, ಅರ್ಧ ದಾಟಿದರೆ ಪಟ್ಟಿಪಟ್ಟಿಯಾಗಿ ಕತ್ತರಿಸಿ ತೆಗೆಯಿರಿ, ಬೇರು ಸಮೇತ ಕೀಳಬೇಡಿ, ಮತ್ತು ಕತ್ತರಿಸಿದ್ದನ್ನು ದಂಡೆಯ ನೀರಂಚಿನಲ್ಲೇ ಒಂದು ರಾತ್ರಿ ಬಿಟ್ಟು ಹುಳುಗಳು ತೆವಳಿ ಹಿಂದಿರುಗಿದ ಮೇಲೆ ಹೊಲಕ್ಕೆ ಸಾಗಿಸಿ ಗೊಬ್ಬರ ಮಾಡಿರಿ.

ಆ ಹುಳುಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕೆರೆಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಅಧ್ಯಾಯ ಇದು. ತಿಳಿನೀರಿನ ಕೆರೆಯಿಂದ ಮೊಳದುದ್ದದ ಒಂದು ಹೈಡ್ರಿಲ್ಲಾ ಎಳೆಯನ್ನು ಮೆಲ್ಲಗೆ ತೆಗೆದು, ನೀರು ತುಂಬಿದ ಬಿಳಿ ತಟ್ಟೆಯಲ್ಲಿ ಹರವಿ, ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿರಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಎಲೆಯ ಕಂಕುಳಿನಿಂದ ಗೋಧಿಕಾಳಿನಷ್ಟು ಚಿಪ್ಪೊಂದು ಅಲುಗುತ್ತದೆ, ಎತ್ತಿನ ಕೊಂಬಿನಂಥ ಎರಡು ಎಳೆಗಳು ಹೊರಬರುತ್ತವೆ, ಬಸವನೆಂಬ ಹೆಸರು ಏಕೆ ಬಂತೆಂದು ಆಗ ತಿಳಿಯುತ್ತದೆ. ಅದು ಸಾಗಿದ ಹಿಂದಿನ ದಾರಿಯಲ್ಲಿ ಎಲೆ ಹೊಳೆಯುವ ಹಸಿರು, ಮುಂದಿನ ದಾರಿಯಲ್ಲಿ ಕಂದು ಮಬ್ಬು. ಆ ಕಂದು ಮಬ್ಬನ್ನು ಹೆಬ್ಬೆರಳಿನಿಂದ ಒರೆಸಿದರೆ ಜಾರುವ ಲೋಳೆ ಅಂಟಿಕೊಳ್ಳುತ್ತದೆ. ಎಲೆಯ ಮೇಲೆ ಬೆಳೆದ ಸೂಕ್ಷ್ಮ ಪಾಚಿಯ ಪದರ ಅದು. ಆ ಪದರ ದಪ್ಪವಾದಷ್ಟೂ ಗಿಡಕ್ಕೆ ಬೆಳಕು ಕಡಿಮೆ. ಬಸವನಹುಳು ಹೆಚ್ಚಾಗಿ ಗಿಡವನ್ನು ಮೇಯುವುದಿಲ್ಲ, ಗಿಡದ ಮೇಲಿನ ಈ ಧೂಳನ್ನು ಮೇಯುತ್ತದೆ. ಮೀನು ಈ ಹುಳುಗಳನ್ನು ತಿಂದು ಮುಗಿಸಿದ ಕಡೆ ಪದರ ದಪ್ಪವಾಗಿ ಗಿಡದ ಬೆಳವಣಿಗೆ ಕುಗ್ಗುವುದನ್ನು ಸ್ವೀಡನ್ನಿನ ಕೆರೆಗಳಲ್ಲಿ ಕ್ರಿಸ್ಟರ್ ಬ್ರೊನ್‌ಮಾರ್ಕ್ ಮತ್ತು ಸಂಗಡಿಗರು ಪ್ರಯೋಗ ಮಾಡಿ ತೋರಿಸಿದ್ದಾರೆ. ಗಿಡ ಸಾಯುವುದಕ್ಕೆ ಹಲವು ಸಲ ಮೊದಲ ಕಾರಣ ನೀರಿನಲ್ಲಿ ತೇಲುವ ಪಾಚಿಯಲ್ಲ, ಎಲೆಗೇ ಅಂಟಿದ ಪಾಚಿ.

ಹೀಗಾಗಿ ಪರೀಕ್ಷೆ ಸರಳ. ಕೆರೆಯ ನಾಲ್ಕು ಕಡೆ ತಲಾ ಐದು ಎಳೆ ತೆಗೆದು, ಪ್ರತಿ ಎಳೆಯಲ್ಲಿ ಎಷ್ಟು ಹುಳುಗಳಿವೆ, ಎಲೆ ಹೊಳಪೋ ಮಬ್ಬೋ ಎಂದು ಬರೆದಿಡಿರಿ. ಎಲೆಯಡಿಗೆ ಅಂಟಿದ ಲೋಳೆಯ ತತ್ತಿಪಟ್ಟಿಗಳನ್ನೂ ಎಣಿಸಿರಿ. ವರ್ಷದಿಂದ ವರ್ಷಕ್ಕೆ ಹುಳು ಕಡಿಮೆಯಾಗುತ್ತ ಎಲೆ ಮಬ್ಬಾಗುತ್ತ ಹೋದರೆ ನೀರು ಇನ್ನೂ ತಿಳಿಯಾಗಿದ್ದರೂ ಕೆರೆ ಹೊರಳುವ ದಾರಿಯಲ್ಲಿದೆ ಎಂದರ್ಥ.

ಹುಳುಗಳೆಲ್ಲವೂ ಒಂದೇ ಅಲ್ಲ. ತೆಳು ಚಿಪ್ಪಿನ, ಚೂಪು ತುದಿಯ ಲಿಮ್ನಿಯಾ ಮತ್ತು ಚಕ್ಕುಲಿಯಂತೆ ಚಪ್ಪಟೆ ಸುತ್ತಿದ ಇಂಡೊಪ್ಲಾನಾರ್ಬಿಸ್ ಎಲೆಗಳ ಮೇಲಿನ ಮೇವಿನವು. ಗಟ್ಟಿ ಚಿಪ್ಪಿನ ಬೆಲ್ಲಾಮಿಯಾ ತಳದ ಕೆಸರಿನ ಮೇಲಿರುತ್ತದೆ, ತತ್ತಿ ಇಡದೆ ಮರಿಗಳನ್ನೇ ಹಾಕುತ್ತದೆ, ನೀರನ್ನು ಸೋಸಿಯೂ ತಿನ್ನುತ್ತದೆ. ನಿಂಬೆಹಣ್ಣಿನಷ್ಟು ದಪ್ಪನೆಯ ಪೈಲಾ ಮಾತ್ರ ಗಿಡವನ್ನೇ ತಿನ್ನಬಲ್ಲದು, ಆದರೆ ಅದರ ಲೆಕ್ಕವನ್ನು ಬಾಯ್ಕಳಕ ಕೊಕ್ಕರೆ ನೋಡಿಕೊಳ್ಳುತ್ತದೆ. ನಡುವೆ ಸಂದಿಯಿರುವ ಕೊಕ್ಕಿನ ಈ ಹಕ್ಕಿಗಳು ಕೆರೆಯಂಚಿನಲ್ಲಿ ಗುಂಪಾಗಿ ನಿಂತಿದ್ದರೆ ತಳದಲ್ಲಿ ಪೈಲಾ ಇದೆಯೆಂದು ನೋಡದೆಯೇ ಹೇಳಬಹುದು. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಲಿಮ್ನಿಯಾ ದನಕುರಿಗಳ ಪಿತ್ತಜನಕಾಂಗದ ಚಪ್ಪಟೆ ಹುಳುವಿಗೆ ನಡುವಿನ ಆಶ್ರಯ. ಇದಕ್ಕೆ ಪರಿಹಾರವೆಂದು ಮೈಲುತುತ್ತವನ್ನು ನೀರಿಗೆ ಸುರಿಯುವುದನ್ನು ಕೇಳಿದ್ದೇನೆ. ಅದರಲ್ಲಿರುವ ತಾಮ್ರ ಬಸವನಹುಳುವನ್ನೂ ನೀರುಚಿಗಟವನ್ನೂ ಒಟ್ಟಿಗೆ ಕೊಲ್ಲುತ್ತದೆ, ಕೆರೆ ಹೊರಳಲು ಅಷ್ಟು ಸಾಕು. ದನಗಳಿಗೆ ನೀರು ಕುಡಿಯಲು ಗಿಡವಿಲ್ಲದ ಗಟ್ಟಿ ತಳದ ಒಂದು ಜಾಗವನ್ನು ಗೊತ್ತುಮಾಡಿ, ಜಂತಿನ ಔಷಧವನ್ನು ಪಶುವೈದ್ಯರ ಸಲಹೆಯಂತೆ ದನಗಳಿಗೇ ಕೊಡುವುದು ಸರಿಯಾದ ದಾರಿ.

ಕಪ್ಪೆಚಿಪ್ಪು ಕೂಡ ಈ ಬಳಗದ್ದೇ. ತಳದ ಕೆಸರಿನಲ್ಲಿ ಅರ್ಧ ಹೂತು ಕುಳಿತು ದಿನವಿಡೀ ನೀರನ್ನು ಸೋಸುತ್ತದೆ. ಅದರ ಮರಿಗಳು ಮೊದಲ ಕೆಲವು ವಾರ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಬೆಳೆಯಬೇಕು. ಆದ್ದರಿಂದ ಮೀನೇ ಇಲ್ಲದ ಕೆರೆಯಲ್ಲಿ ಚಿಪ್ಪಿನ ವಂಶ ಮುಂದುವರಿಯುವುದಿಲ್ಲ. ಮೀನೆಲ್ಲ ಕೆಟ್ಟದ್ದೆಂದು ಯಾರಾದರೂ ವಾದಿಸಿದರೆ ನಾನು ಈ ಮಾತನ್ನು ಎತ್ತುತ್ತೇನೆ.

ಕೆರೆ ಯಾವ ಕಡೆಗೆ ವಾಲುತ್ತದೆ ಎಂಬುದು ಅದರಲ್ಲಿ ಯಾವ ಮೀನು, ಎಷ್ಟು ಎಂಬುದರ ಮೇಲಿದೆ. ಗುತ್ತಿಗೆಯ ಕೆರೆಗಳಲ್ಲಿ ಬಿಡುವ ಮರಿಗಳಲ್ಲಿ ಕಾಟ್ಲಾ ಮೇಲ್ಪದರದಲ್ಲಿ ನೀರುಚಿಗಟದಂಥ ತೇಲುಪ್ರಾಣಿಗಳನ್ನು ತಿನ್ನುತ್ತದೆ, ರೋಹು ನಡುನೀರಿನಲ್ಲಿ ಗಿಡದ ಚೂರು ಮತ್ತು ಅಂಟುಪಾಚಿಯನ್ನು, ಮೃಗಾಲ್ ತಳದ ಕೊಳೆತದ್ದನ್ನು. ಈ ಮೂರೂ ಹರಿಯುವ ಹೊಳೆಯ ಮೀನುಗಳಾದ್ದರಿಂದ ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಮರಿ ಮಾಡಿಸಿದ ನಂತರವೇ ಇವುಗಳ ಬಿತ್ತನೆ ಎಲ್ಲೆಡೆ ಸಿಗುವಂತಾಯಿತು. ಕೆರೆಯ ದೃಷ್ಟಿಯಿಂದ ಇದೊಂದು ದೊಡ್ಡ ಅನುಕೂಲ, ಏಕೆಂದರೆ ನೀವು ಬಿಟ್ಟಷ್ಟೇ ಇರುತ್ತವೆ, ಹಿಡಿದಷ್ಟು ಕಡಿಮೆಯಾಗುತ್ತವೆ.

ಸಾಮಾನ್ಯ ಗೆಂಡೆ ಮತ್ತು ತಿಲಾಪಿಯಾದ ಕಥೆ ಬೇರೆ. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತದೆ, ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ, ತಳವನ್ನು ಬೋಗುಣಿಯಂತೆ ತೋಡಿ ಗೂಡು ಮಾಡುತ್ತ ಬೇರುಗಳನ್ನು ಕಿತ್ತು ಹಾಕುತ್ತದೆ. ಸಾಮಾನ್ಯ ಗೆಂಡೆ ಮೀಸೆ ಊರಿ ಕೆಸರನ್ನು ಬಾಯಿತುಂಬ ಹೀರಿ, ಹುಳುಗಳನ್ನು ಆರಿಸಿಕೊಂಡು ಉಳಿದದ್ದನ್ನು ಉಗುಳುತ್ತದೆ. ಗಂಟಲಿನ ಹಲ್ಲುಗಳಿಂದ ಬಸವನಹುಳುವಿನ ಚಿಪ್ಪನ್ನು ಅರೆಯುತ್ತದೆ. ಗಿಡಗಳ ಮೇಲೆ ತತ್ತಿ ಅಂಟಿಸಿ ಕೆರೆಯಲ್ಲೇ ಸಂತಾನ ಬೆಳೆಸುತ್ತದೆ. ಕೆಸರಿನಲ್ಲಿ ಹುದುಗಿದ್ದ ರಂಜಕ ಹೀಗೆ ಮೇಲೆದ್ದು ಪಾಚಿಗೆ ಗೊಬ್ಬರವಾಗುತ್ತದೆ. ತೂಕ ಚೆನ್ನಾಗಿ ಬರುತ್ತದೆಂದು ಗುತ್ತಿಗೆದಾರರಿಗೆ ಇದು ಪ್ರಿಯ, ಅದರಲ್ಲಿ ತಪ್ಪೇನಿಲ್ಲ, ಆದರೆ ತಿಳಿನೀರನ್ನು ಬಯಸುವ ಕೆರೆಗೆ ಇದನ್ನು ಬಿಡದಿರುವುದೇ ಲೇಸು. ಆಫ್ರಿಕನ್ ಕ್ಯಾಟ್‌ಫಿಶ್ ಬಗ್ಗೆ ಚರ್ಚೆಯೇ ಬೇಡ, ಅದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ.

ಹುಲ್ಲುಗೆಂಡೆಯನ್ನು ಕಳೆ ತೆಗೆಯುವ ಕೂಲಿಯೆಂದು ಮಾರುತ್ತಾರೆ. ಕೆಲಸವನ್ನೇನೋ ಅದು ಮಾಡುತ್ತದೆ, ಅದಕ್ಕೆ ಹೈಡ್ರಿಲ್ಲಾ ಎಂದರೆ ಪ್ರಾಣ, ನೀಲಿ ಹೂವಿನ ತೇಲುಕಳೆಯನ್ನು ಮಾತ್ರ ಬೇರೇನೂ ಸಿಗದಿದ್ದರೆ ಮೂಸಿ ನೋಡುತ್ತದೆ. ಎಂದರೆ ನಾವು ಉಳಿಸಬೇಕಾದದ್ದನ್ನು ತಿಂದು ಕೀಳಬೇಕಾದದ್ದನ್ನು ಬಿಡುತ್ತದೆ. ತಿಂದದ್ದರಲ್ಲಿ ಹೆಚ್ಚು ಪಾಲು ಜೀರ್ಣವಾಗದೆ ಗೊಬ್ಬರವಾಗಿ ನೀರಿಗೇ ಮರಳುತ್ತದೆ. ಬೇಕೇಬೇಕೆಂದರೆ ಬೆರಳೆಣಿಕೆಯಷ್ಟು ಬಿಟ್ಟು, ಎರಡು ತಿಂಗಳಿಗೊಮ್ಮೆ ಗಿಡದ ಹರವನ್ನು ನೋಡಿರಿ. ಹೆಚ್ಚಾಯಿತೆಂದು ಆಮೇಲೆ ಹಿಡಿಯಹೊರಟರೆ ಬಲೆಯನ್ನು ಜಿಗಿದು ದಾಟುವ ಮೀನು ಇದು. ಬೆಳ್ಳಿಗೆಂಡೆ ಪಾಚಿಯನ್ನು ತಿಂದು ನೀರನ್ನು ತಿಳಿ ಮಾಡುತ್ತದೆಂಬ ನಂಬಿಕೆಯನ್ನೂ ಪೂರ್ತಿ ಒಪ್ಪಲಾಗದು: ನೀಲಿಹಸಿರು ಪಾಚಿಯ ಲೋಳೆ ತುಂಬಿದ ಗುಂಪುಗಳು ಅದರ ಕರುಳನ್ನು ದಾಟಿಯೂ ಜೀವಂತವಾಗಿ ಹೊರಬರಬಲ್ಲವು, ಮತ್ತು ಪಾಚಿಯ ಜೊತೆಗೆ ಅದು ನೀರುಚಿಗಟವನ್ನೂ ಸೋಸಿಕೊಳ್ಳುತ್ತದೆ.

ಈಗ ನೀರುಚಿಗಟದ ಮಾತು. ಎರಡು ಮೂರು ಮಿಲಿಮೀಟರಿನ ಈ ಪ್ರಾಣಿ ಹೆಚ್ಚಿದ್ದರೆ ಪಾಚಿ ಕಡಿಮೆ; ಇದನ್ನು ತಿನ್ನುವ ಸಣ್ಣ ಮೀನು ಹೆಚ್ಚಿದ್ದರೆ ಇದು ಕಡಿಮೆ; ಆ ಸಣ್ಣ ಮೀನನ್ನು ತಿನ್ನುವ ಕೊರವದಂಥ ಬೇಟೆಮೀನು ಇದ್ದರೆ ಮತ್ತೆ ಇದು ಹೆಚ್ಚು. ಯುರೋಪಿನ ಕೆರೆಗಳಲ್ಲಿ ಈ ಸರಪಳಿಯನ್ನೇ ಹಿಡಿದು ತಳ ಕೆದಕುವ ಮೀನುಗಳನ್ನು ಟನ್‌ಗಟ್ಟಲೆ ಹಿಡಿದು ತೆಗೆದರು. ನೆದರ್ಲೆಂಡ್ಸ್‌ನ ವೆಲುವೆಮೀರ್ ಕೆರೆಯಲ್ಲಿ ಬ್ರೀಮ್ ಮೀನು ಕಡಿಮೆಯಾದ ಮೇಲೆ ಕಾರಾ ಹರಡಿತು, ಸೋಸುವ ಚಿಪ್ಪುಗಳು ಮರಳಿದವು, ನೀರು ತಿಳಿಯಾಯಿತು. ಆ ಯಶಸ್ಸನ್ನು ಇಲ್ಲಿಗೆ ಹಾಗೆಯೇ ಎತ್ತಿ ತರಲಾಗುವುದಿಲ್ಲ. ಬೆಚ್ಚನೆಯ ನೀರಿನಲ್ಲಿ ಸಣ್ಣ ಮೀನುಗಳು ವರ್ಷವಿಡೀ ಮರಿ ಮಾಡುತ್ತವೆ, ಮತ್ತು ಡೆನ್ಮಾರ್ಕ್ ಹಾಗೂ ಉರುಗ್ವೆಯ ಕೆರೆಗಳನ್ನು ಹೋಲಿಸಿದ ಅಧ್ಯಯನಗಳು ತೋರಿಸಿದಂತೆ ಅವು ಗಿಡಗಳ ನಡುವೆಯೇ ಗುಂಪುಗೂಡಿರುವುದರಿಂದ ನೀರುಚಿಗಟಕ್ಕೆ ಅಲ್ಲಿ ಅಡಗುದಾಣ ಸಿಗುವುದಿಲ್ಲ. ಸೊಳ್ಳೆಯ ನೆಪದಲ್ಲಿ ಕೆರೆಗೆ ಗಾಂಬೂಸಿಯಾ ಎಂಬ ಸಣ್ಣ ಮೀನನ್ನು ಸುರಿಯುವುದನ್ನು ನಾನು ವಿರೋಧಿಸುವುದು ಇದಕ್ಕಾಗಿಯೇ. ನಮ್ಮ ಕೈಯಲ್ಲಿರುವ ಉಪಾಯ ಕೊರವ ಮೀನನ್ನು ಉಳಿಸುವುದು. ಅದು ಗಾಳಿಯನ್ನೂ ಉಸಿರಾಡುವುದರಿಂದ ಕೆಟ್ಟ ಕಾಲವನ್ನು ದಾಟುತ್ತದೆ, ಜೊಂಡಿನ ನಡುವೆ ಗೂಡು ಮಾಡಿ ಕೆಂಪು ಮರಿಗಳ ಹಿಂಡನ್ನು ತಂದೆತಾಯಿ ಕಾಯುತ್ತವೆ. ಮರಿಗಳಿರುವಾಗ ಅವನ್ನು ಗಾಳ ಹಾಕಿ ಹಿಡಿಯಬಾರದೆಂಬ ಒಂದು ಕಟ್ಟಳೆಯನ್ನು ಊರಿನವರು ಮಾಡಿಕೊಂಡರೆ ಸಾಕು.

ನಮ್ಮ ಕೆರೆಗಳಿಗೆ ಯುರೋಪಿಗಿಲ್ಲದ ಇನ್ನೊಂದು ಭಾಗ್ಯವಿದೆ, ಅದು ಬೇಸಿಗೆ. ಯುಗಾದಿಯಿಂದ ರೋಹಿಣಿ ಮಳೆಯವರೆಗೆ ಕೆರೆ ಬತ್ತಿ ಬಿರುಕು ಬಿಟ್ಟರೆ ಕೆಸರು ಗಟ್ಟಿಯಾಗುತ್ತದೆ, ತಿಲಾಪಿಯಾ ಮತ್ತು ಗೆಂಡೆಯ ಸಂತಾನ ತಾನಾಗಿ ಮುಗಿಯುತ್ತದೆ, ಮುಂದಿನ ಮಳೆಗೆ ಕೆರೆ ಹೊಸದಾಗಿ ಆರಂಭಿಸುತ್ತದೆ. ಗಿಡಗಳ ಬೀಜ, ಗೆಡ್ಡೆ, ನೀರುಚಿಗಟದ ತತ್ತಿ ಒಣಮಣ್ಣಿನಲ್ಲಿ ಕಾಯುತ್ತವೆ. ಪೈಲಾ ಬಾಯಿಗೆ ಮುಚ್ಚಳ ಹಾಕಿ ನೆಲದೊಳಗೆ ತಿಂಗಳುಗಟ್ಟಲೆ ಮಲಗುತ್ತದೆ. ಅಗೆಯುವಾಗ ಸಿಕ್ಕ ಚಿಪ್ಪನ್ನು ಅಂಗೈಯಲ್ಲಿಟ್ಟು ತೂಗಿ ನೋಡಿರಿ, ಮುಚ್ಚಳ ಬಿಗಿಯಾಗಿ ಭಾರವಾಗಿದ್ದರೆ ಒಳಗೆ ಜೀವವಿದೆ. ಆದ್ದರಿಂದ ವರ್ಷವಿಡೀ ನೀರು ನಿಲ್ಲಿಸುವುದೇ ಕೆರೆ ಅಭಿವೃದ್ಧಿ ಎಂಬ ಮಾತನ್ನು ನಾನು ಅನುಮಾನದಿಂದ ನೋಡುತ್ತೇನೆ. ಕೆಲವು ವರ್ಷಕ್ಕೊಮ್ಮೆಯಾದರೂ ತೂಬು ತೆಗೆದು ಒಣಗಲು ಬಿಡುವುದು ಕೆರೆಗೆ ಉಪವಾಸವಿದ್ದಂತೆ.

ಹೂಳು ತೆಗೆಯುವುದಾದರೂ ಆಗಲೇ. ಆದರೆ ಇಡೀ ತಳವನ್ನು ಒಂದೇ ವರ್ಷ ಕೆರೆಯಬೇಡಿ. ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲು ತೆಗೆದರೆ ಉಳಿದ ಪಾಲಿನ ಬೀಜ ಮತ್ತು ಹುಳುಗಳು ಹೊಸ ತಳವನ್ನು ತುಂಬುತ್ತವೆ. ಮೇಲಿನ ಗೇಣುದ್ದದ ಗೋಡುಮಣ್ಣನ್ನು ಒಂದು ಮೂಲೆಯಲ್ಲಿ ಕೂಡಿಟ್ಟು ಕೊನೆಗೆ ತೆಳುವಾಗಿ ಹರಡಿದರೂ ಆದೀತು. ದಡ ಇಳಿಜಾರಾಗಿರಲಿ, ಬಾವಿಯಂತೆ ಕಡಿದಾಗದಿರಲಿ, ಏಕೆಂದರೆ ಗಿಡ ಬೆಳೆಯುವುದೇ ಆ ಮೊಣಕಾಲುದ್ದದ ನೀರಿನಲ್ಲಿ. ನಗರದ ಕೆರೆಗಳ ಸುತ್ತ ಕಲ್ಲು ಕಟ್ಟಿ ನಡಿಗೆಯ ದಾರಿ ಮಾಡಿದಾಗ ಮೊದಲು ಕಳೆದುಹೋಗುವುದು ಈ ಅಂಚು.

ತೇಲುಕಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಇರುವಲ್ಲಿ ಚರಂಡಿಯ ನೀರು ಬರುತ್ತಿದೆ ಎಂದು ತಿಳಿದು ಮೊದಲು ಅದನ್ನು ತಿರುಗಿಸಬೇಕು. ಇಲ್ಲದಿದ್ದರೆ ಅನುಕೂಲದ ಕಾಲದಲ್ಲಿ ಎರಡು ವಾರಕ್ಕೆ ಇಮ್ಮಡಿಯಾಗುವ ಗಿಡದ ಜೊತೆ ಯಂತ್ರವೂ ಗೆಲ್ಲುವುದಿಲ್ಲ. ಅದನ್ನು ತಿನ್ನುವ ನಿಯೋಕೆಟಿನಾ ಎಂಬ ಮೂತಿಹುಳುವನ್ನು 1980ರ ದಶಕದಲ್ಲಿ ಬೆಂಗಳೂರಿನ ಸುತ್ತಿನ ಕೆರೆಗಳಿಗೆ ಬಿಡಲಾಗಿತ್ತು. ಅದು ನಿಧಾನವಾಗಿ, ಆದರೆ ತಾನಾಗಿ ಕೆಲಸ ಮಾಡುತ್ತದೆ. ಎಲೆಗಳ ಮೇಲೆ ಸಣ್ಣ ಕೆರೆದ ಗುರುತುಗಳಿದ್ದರೆ ಅದು ನಿಮ್ಮಲ್ಲೂ ಇದೆ, ವಿಷ ಸಿಂಪಡಿಸಬೇಡಿ.

ಎಲ್ಲ ಕೆರೆಗೂ ಒಂದೇ ಗುರಿ ಇಡಬಾರದು ಎಂಬುದಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆ ಒಳ್ಳೆಯ ಉದಾಹರಣೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ, ಸುತ್ತಲ ಹೊಲಗಳಲ್ಲಿ ಮೇದು ಕೆರೆಗೆ ಮರಳಿ ವಿಶ್ರಮಿಸುತ್ತವೆ. ಅಂದರೆ ಹೊಲದ ಸಾರ ರೆಕ್ಕೆಯ ಮೇಲೆ ಕೆರೆಗೆ ಬರುತ್ತದೆ. ಅಲ್ಲಿ ಸಹಜವಾಗಿ ನೀರು ಸ್ವಲ್ಪ ಹಸಿರಾದೀತು, ಹಕ್ಕಿಗೆ ಬೇಕಾದದ್ದು ತೆರೆದ ನೀರು ಮತ್ತು ಸದ್ದಿಲ್ಲದ ದಡ. ಸಂರಕ್ಷಿತ ಪ್ರದೇಶವಾದ್ದರಿಂದ ಅಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಒಂದು ಎಳೆಯನ್ನೂ ಕೀಳುವಂತಿಲ್ಲ.

ನಿಮ್ಮ ಊರಿನ ಕೆರೆ ಮಂದವಾಗಿದ್ದು ಕಾರಣ ಮೀನೋ ಬೆಳಕೋ ತಿಳಿಯದಿದ್ದರೆ ಕೊನೆಯ ಒಂದು ಪರೀಕ್ಷೆ ಉಳಿದಿದೆ. ಆಗಸ್ಟ್ ಹೊತ್ತಿಗೆ, ದಡದಿಂದ ಕೈಗೆಟುಕುವ ಮೊಣಕಾಲುದ್ದದ ನೀರಿನಲ್ಲಿ, ಎರಡು ಮೀಟರ್ ಚೌಕಕ್ಕೆ ನಾಲ್ಕು ಬಿದಿರು ಗಳ ನೆಟ್ಟು ಸಣ್ಣ ಕಣ್ಣಿನ ಬಲೆಯನ್ನು ತಳದವರೆಗೆ ಬಿಗಿದು ಕಲ್ಲು ಹೇರಿರಿ. ಒಳಗಿನ ಮೀನನ್ನು ತೆಗೆದು, ಬೇರೆ ತಿಳಿ ಕೆರೆಯಿಂದ ತಂದ ವ್ಯಾಲಿಸ್ನೇರಿಯಾದ ಇಪ್ಪತ್ತು ಬೇರುಗಳನ್ನು ಬಲೆಯೊಳಗೂ ಇಪ್ಪತ್ತನ್ನು ಹೊರಗೂ ನೆಡಿರಿ. ತೇಲುಕಳೆಯ ಚೂರು ಜೊತೆಗೆ ಬಾರದಂತೆ ಬೇರನ್ನು ಎರಡು ನೀರಿನಲ್ಲಿ ತೊಳೆದುಕೊಳ್ಳಿರಿ. ಆರು ವಾರದ ನಂತರ ಒಳಗೆ ಗಿಡ ನಿಂತು ಹೊರಗೆ ಕಿತ್ತುಹೋಗಿದ್ದರೆ ಬಿಡಬೇಕಾದ ಮರಿಗಳ ಪಟ್ಟಿಯನ್ನು ತಿದ್ದುವ ಕಾಲ ಬಂದಿದೆ. ಒಳಗೂ ಕೊಳೆತಿದ್ದರೆ ಬೆಳಕೇ ತಲುಪುತ್ತಿಲ್ಲ, ಹಳ್ಳದ ಬಾಯಿಗೆ ಹಿಂದಿರುಗಿ ಹೋಗಬೇಕು. ಗಿಡ ನಿಂತು ಎಲೆ ಮಾತ್ರ ಕಂದು ಲೋಳೆಯಿಂದ ಮುಚ್ಚಿದ್ದರೆ ಅದೇ ತಿಳಿ ಕೆರೆಯಿಂದ ಒಂದು ಬೋಗುಣಿ ಬಸವನಹುಳು ತಂದು ಬಲೆಯೊಳಗೆ ಬಿಟ್ಟು, ಇನ್ನೊಂದು ತಿಂಗಳು ಕಾದು, ಎಲೆಯನ್ನು ಮತ್ತೆ ಹೆಬ್ಬೆರಳಿನಿಂದ ಒರೆಸಿ ನೋಡಿರಿ.